ತಂದದ್ದನ್ನು ಕೊಡುವುದು



ಮಠದ ಮಾಸಪತ್ರಿಕೆಯಲ್ಲಿ ನಾಯಿಯೊಂದರ ವಿಷಯವಾಗಿ ಬರೆಯುವುದು ಉಚಿತವೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕಳೆದ ವರ್ಷದ ಶ್ರಾವಣದಲ್ಲಿ ಪುರಾಣ ಕೇಳಲು ಬಂದಿದ್ದ ಭಕ್ತರು ಮಾತ್ರ ಹಾಗೆ ಕೇಳಲಾರರು. ಪುರಾಣ ಮುಗಿದು ಮಂಗಳಾರತಿಯಾಗುವ ಹೊತ್ತಿಗೆ ಅವರಲ್ಲಿ ಹಲವರ ಚಪ್ಪಲಿಗಳು ದನದ ಕೊಟ್ಟಿಗೆಯ ಹಿಂದಿನ ಬಣವೆಯನ್ನು ಸೇರಿಕೊಂಡಿದ್ದವು. ಒಯ್ದದ್ದು ನಮ್ಮ ಮಠದ ನಾಯಿ. ಕಡಿದು ಹಾಳುಮಾಡುವ ದುರ್ಬುದ್ಧಿ ಅದಕ್ಕಿರಲಿಲ್ಲ; ಬಾಯಲ್ಲಿ ಹಿಡಿದು ಓಡುವುದರಲ್ಲಿಯೇ ಅದಕ್ಕೆ ಪರಮಾನಂದ. ಹಿಡಿದದ್ದನ್ನು ಮರಳಿ ಕೊಡುವುದು ಮಾತ್ರ ಅದಕ್ಕೆ ತಿಳಿದಿರಲಿಲ್ಲ. ಅದನ್ನು ಕಲಿಸಹೊರಟಾಗ ನಮಗೆ ಎದುರಾದ ಪ್ರಶ್ನೆ ನಾಯಿಯದಷ್ಟೇ ಅಲ್ಲವೆಂದು ತೋರಿದ್ದರಿಂದ ಅದನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಕುಷ್ಟಗಿ ಕಡೆಯ ಕುರುಬರು ಸುಗ್ಗಿ ಮುಗಿದ ಮೇಲೆ ತಮ್ಮ ಹಿಂಡುಗಳೊಂದಿಗೆ ಯಲಬುರ್ಗಾ, ಕೊಪ್ಪಳಗಳ ಎರೆಹೊಲಗಳಲ್ಲಿ ತಂಗುತ್ತ, ಗಂಗಾವತಿಯ ಭತ್ತದ ಸೀಮೆಯವರೆಗೂ ಇಳಿಯುವುದುಂಟು. ಎರಡು ವರ್ಷಗಳ ಹಿಂದೆ ಅಂಥ ಒಬ್ಬ ಹಿರಿಯ ಕುರುಬ ಮಠದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತಂಗಿಸಿ, ಹೊರಡುವ ದಿನ ಒಂದು ಮರಿಯನ್ನು ನಮ್ಮ ಅಂಗಳದಲ್ಲಿ ಬಿಟ್ಟುಹೋದ. ಅದರ ತಾಯಿ ಮುಧೋಳ ತಳಿಯದೆಂದು ಹೇಳಿದ. ತಂದೆಯ ವಿಷಯದಲ್ಲಿ ಅವನು ಏನನ್ನೂ ಹೇಳಲಿಲ್ಲ. ನೀಳವಾದ ಕಾಲು, ಒಳಗೆಳೆದ ಹೊಟ್ಟೆ, ನಿಂತಲ್ಲಿ ನಿಲ್ಲದ ಸ್ವಭಾವ. ಪ್ರಸಾದ ನಿಲಯದ ಹುಡುಗರು ಅದಕ್ಕೆ ‘ಚಿಗರಿ’ ಎಂದು ಹೆಸರಿಟ್ಟರು. ಹೆಸರು ಅನ್ವರ್ಥವಾಯಿತು.

ಮುಧೋಳದ ನಾಯಿಯ ಕೀರ್ತಿಯನ್ನು ನೀವೆಲ್ಲ ಕೇಳಿದ್ದೀರಿ. 2005ರಲ್ಲಿ ಭಾರತದ ಅಂಚೆ ಇಲಾಖೆ ನಮ್ಮ ದೇಶದ ನಾಲ್ಕು ನಾಯಿತಳಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಅವುಗಳಲ್ಲಿ ಇದೂ ಒಂದಾಗಿದ್ದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಅಲ್ಲಿಂದ ಕೆಲವು ಮರಿಗಳು ಸೈನ್ಯದ ತರಬೇತಿಗಾಗಿ ಮೀರತ್ತಿಗೂ ಹೋದವು. ಆದರೆ ಇದು ಕಣ್ಣಿನಿಂದ ಕಂಡು, ಕಂಡದ್ದನ್ನು ಬೆನ್ನಟ್ಟಿ ಹಿಡಿಯುವ ತಳಿ. ಬಯಲಿನಲ್ಲಿ ಮೊಲ ಕಂಡಿತೆಂದರೆ ಇದರ ಕಿವಿಗೆ ಒಡೆಯನ ಕೂಗು ಮುಟ್ಟುವುದಿಲ್ಲ. ಪಾಶ್ಚಾತ್ಯರು ಹೊಡೆದ ಹಕ್ಕಿಯನ್ನು ನೀರಿನಿಂದ ಮೆಲ್ಲಗೆ ಎತ್ತಿತಂದು ಬೇಟೆಗಾರನ ಕೈಗೆ ಒಪ್ಪಿಸುವ ಲ್ಯಾಬ್ರಡಾರಿನಂಥ ನಾಯಿಗಳನ್ನು ತಲೆಮಾರುಗಳಿಂದ ಆಯ್ದು ಬೆಳೆಸಿದ್ದಾರೆ. ತಂದುಕೊಡುವುದು ಆ ನಾಯಿಗಳಿಗೆ ಅರ್ಧ ಹುಟ್ಟುಗುಣ. ನಮ್ಮದಕ್ಕೆ ಹಾಗಲ್ಲ. ಆದುದರಿಂದ ಚಿಗರಿ ಕೊಡಲಿಲ್ಲವೆಂದು ಅದನ್ನು ದೂರುವುದು, ಎತ್ತು ಹಾಲು ಕರೆಯಲಿಲ್ಲವೆಂದು ದೂರಿದಂತೆ ಎಂಬುದು ನಮಗೆ ತಿಳಿಯಬೇಕಾಗಿದ್ದಿತು. ತಿಳಿಯಲಿಲ್ಲ.

ಸಾಯಂಕಾಲ ಹುಡುಗರು ಅಂಗಳದಲ್ಲಿ ಚೆಂಡಾಡುವಾಗ ಏನಾಗುತ್ತಿದ್ದಿತೆಂದರೆ, ಒಬ್ಬನು ಚೆಂಡು ಎಸೆಯುವನು. ಚಿಗರಿ ಬಾಣದಂತೆ ಹೋಗಿ ಅದನ್ನು ಕಚ್ಚಿ ಹಿಡಿಯುವುದು. ಅನಂತರ ಬೇವಿನ ಗಿಡದ ಸುತ್ತ ಸುತ್ತು. ಹತ್ತು ಹುಡುಗರು ‘ಹಿಡೀರಲೇ, ಹಿಡೀರಿ’ ಎಂದು ಕೂಗುತ್ತ ಅದರ ಬೆನ್ನು ಹತ್ತುವರು. ಅದು ಕೈಗೆ ಸಿಕ್ಕಿತೆನ್ನುವಷ್ಟು ಹತ್ತಿರ ಬಂದು ಮತ್ತೆ ಜಿಗಿಯುವುದು. ಕಡೆಗೆ ಯಾರೋ ಒಬ್ಬನು ಕೊರಳಪಟ್ಟಿಗೆ ಕೈಹಾಕಿ, ದವಡೆ ಅಗಲಿಸಿ ಚೆಂಡನ್ನು ಕಿತ್ತುಕೊಳ್ಳುವನು. ಆಟ ಅಲ್ಲಿಗೆ ಮುಗಿಯಿತು. ಮರುದಿನ ಚಿಗರಿ ಇನ್ನಷ್ಟು ದೂರ ಓಡುವುದು. ಹುಡುಗರ ದೃಷ್ಟಿಯಲ್ಲಿ ನಾಯಿ ಹಟಮಾರಿ. ಆದರೆ ನಾಯಿಯ ಕಡೆಯಿಂದ ನೋಡಿರಿ: ಹತ್ತು ಜನರು ತನ್ನೊಡನೆ ಓಡುವ ಅಪೂರ್ವ ಆಟವೊಂದು ಚೆಂಡನ್ನು ಬಿಡದಿರುವವರೆಗೆ ಮಾತ್ರ ನಡೆಯುತ್ತದೆ, ಬಿಟ್ಟ ಕ್ಷಣವೇ ಚೆಂಡೂ ಹೋಯಿತು, ಆಟವೂ ಹೋಯಿತು. ಹೀಗಿರಲು ಬಿಡದಿರುವುದನ್ನು ನಾವೇ ದಿನದಿನವೂ ಅದಕ್ಕೆ ಪಾಠ ಹೇಳುತ್ತಿದ್ದೆವು.

ಇನ್ನು ನಮ್ಮ ಸ್ವಂತ ತಪ್ಪಿನ ಮಾತು. ಆಷಾಢದ ಒಂದು ಮುಂಜಾನೆ ಸ್ನಾನ ಮುಗಿಸಿ ಪೂಜೆಗೆ ಹೊರಡುವ ಸಮಯಕ್ಕೆ ನಮ್ಮ ಹಾವುಗೆಗಳಲ್ಲಿ ಒಂದು ಕಾಣಲಿಲ್ಲ. ಹಾವುಗೆ ಚಿಗರಿಯ ಬಾಯಲ್ಲಿದ್ದಿತು. ನಾವು ಕರೆದೆವು, ಅದು ಓಡಿತು. ಗದರಿದೆವು, ಇನ್ನೂ ಓಡಿತು. ಪೂಜೆಯ ಹೊತ್ತು ಮೀರುತ್ತಿದೆಯೆಂಬ ಸಿಟ್ಟು ನಮ್ಮನ್ನು ಹಿಡಿಯಿತು. ಬಹಳ ಹೊತ್ತಿನ ಮೇಲೆ ಅದಕ್ಕೆ ಏನು ತೋರಿತೋ, ತಾನಾಗಿಯೇ ಬಂದು, ಬಾಲವಾಡಿಸುತ್ತ, ಹಾವುಗೆಯನ್ನು ನಮ್ಮ ಕಾಲ ಬಳಿ ಇಟ್ಟಿತು. ನಾವು ಆ ಹಾವುಗೆಯನ್ನೇ ಎತ್ತಿ ಅದರ ಬೆನ್ನಿಗೆ ಒಂದು ಏಟು ಹಾಕಿದೆವು.

ಏಟು ಬಿದ್ದದ್ದು ಒಯ್ದದ್ದಕ್ಕೆ ಎಂದು ನಮ್ಮ ಲೆಕ್ಕ. ಆದರೆ ಒಯ್ದು ಆಗಲೇ ಅರ್ಧ ಗಂಟೆಯಾಗಿದ್ದಿತು. ಕ್ಷಣದ ಹಿಂದೆ ಅದು ಮಾಡಿದ ಕೆಲಸ ಮರಳಿ ತಂದುಕೊಟ್ಟದ್ದು. ನಾಯಿ ಕೂಡಿಸಿಕೊಳ್ಳುವುದು ಕ್ಷಣದ ಹಿಂದಿನದನ್ನು. ಅದಕ್ಕೆ ದೊರೆತ ಪಾಠವೆಂದರೆ, ತಂದುಕೊಟ್ಟರೆ ಏಟು ಬೀಳುತ್ತದೆ ಎಂಬುದು. ಆ ಮೇಲೆ ಎಂಟು ತಿಂಗಳ ಕಾಲ, ಬಾಯಲ್ಲಿ ಏನಾದರೂ ಇದ್ದಾಗ ನಮ್ಮ ಕಾವಿ ಕಂಡರೆ ಸಾಕು, ಅದು ಬಣವೆಯ ಹಿಂದೆ ಹೋಗಿ ಕುಳಿತುಬಿಡುತ್ತಿದ್ದಿತು. ಬರಿಬಾಯಿಯಲ್ಲಿದ್ದಾಗ ಎಂದಿನಂತೆಯೇ ಬಂದು ಕಾಲ ಬಳಿ ಮಲಗುವುದು. ಈ ಭೇದವನ್ನು ಕಂಡಾಗಲೆಲ್ಲ ನಮಗೆ ನಾಚಿಕೆಯೆನಿಸುತ್ತಿದ್ದಿತು.

ಮರುವರ್ಷ ಸುಗ್ಗಿಯಾದ ಮೇಲೆ ಆ ಕುರುಬ ಮತ್ತೆ ಬಂದ. ಹುಡುಗರ ಆಟವನ್ನು ಕಟ್ಟೆಯ ಮೇಲೆ ಕುಳಿತು ನೋಡಿದ. ನಾವು, ‘ಏನಪ್ಪಾ, ನೀ ಕೊಟ್ಟ ಮರಿ ಇಸಗೊಳ್ಳೂದು ಬಲ್ಲದು, ಕೊಡೂದು ಒಲ್ಲದು’ ಎಂದು ನಗುತ್ತ ಹೇಳಿದೆವು. ಅವನು ನಗಲಿಲ್ಲ. ‘ಅಜ್ಜಾರ, ತಪ್ಪ ತಿಳೀಬ್ಯಾಡ್ರಿ. ಅದು ಕೊಟ್ಟಾಗೊಮ್ಮೆ ನೀವು ಕಸಗೊಂಡು ಇಟ್ಟಬಿಡ್ತೀರಿ. ಮತ್ತ ಯಾಕ ಕೊಟ್ಟೀತು?’ ಎಂದ. ಸ್ವಲ್ಪ ತಡೆದು, ‘ಕೊಟ್ಟದ್ದು ಹೊಳ್ಳಿ ಬರತೈತಿ ಅನ್ನೂದು ಅದಕ್ಕ ಗೊತ್ತಾಗಬೇಕ್ರಿ’ ಎಂದು ಸೇರಿಸಿದ. ವಿಶ್ವವಿದ್ಯಾಲಯದಲ್ಲಿ ನೀತಿಶಾಸ್ತ್ರವನ್ನು ಎರಡು ವರ್ಷ ಓದಿ ಬಂದವರು ನಾವು. ಅಷ್ಟು ಸ್ಪಷ್ಟವಾದ ವಾಕ್ಯವನ್ನು ಅಲ್ಲಿ ಕೇಳಿದ ನೆನಪಿಲ್ಲ.

ಅವನು ತೋರಿಸಿಕೊಟ್ಟದ್ದನ್ನೂ, ಕೊಪ್ಪಳದ ಪಶುವೈದ್ಯರೊಬ್ಬರು ತಿಳಿಸಿದ್ದನ್ನೂ ಕೂಡಿಸಿ ನಾವು ನಡೆಸಿದ ಕ್ರಮವನ್ನು ಸ್ವಲ್ಪ ವಿವರಿಸುತ್ತೇವೆ. ನಾಯಿ ಸಾಕಿದ ಭಕ್ತರು ಅನೇಕರಿದ್ದಾರೆ; ಅವರಿಗೆ ಉಪಯೋಗವಾದೀತು.

ಮೊದಲನೆಯದಾಗಿ ಬೆನ್ನಟ್ಟುವುದನ್ನು ಪೂರ್ತಿ ನಿಲ್ಲಿಸಿದೆವು. ಹುಡುಗರಿಗೆ ಇದು ನಾಯಿಗಿಂತ ಕಷ್ಟವಾಯಿತು. ಚಿಗರಿ ಚೆಂಡು ಹಿಡಿದೊಡನೆ ಎಸೆದವನು ಅದಕ್ಕೆ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಹಿಂದಕ್ಕೆ ಓಡಬೇಕು. ಆಗ ಬೆನ್ನಟ್ಟುವ ಸರದಿ ನಾಯಿಯದಾಗುತ್ತದೆ, ಅದು ತಾನಾಗಿ ಹತ್ತಿರ ಬರುತ್ತದೆ. ಬಂದಾಗ ಕೊರಳಪಟ್ಟಿಗಾಗಲಿ ಬಾಯಿಗಾಗಲಿ ಕೈ ಹಾಕಕೂಡದು. ಎದೆಯನ್ನು ಸವರಿ, ಚೆಂಡು ಅದರ ಬಾಯಲ್ಲಿಯೇ ಇರುವಾಗ ಒಳ್ಳೆಯ ಮಾತು ಆಡಬೇಕು. ಅನಂತರ ಮೂಗಿನ ಬಳಿ ಒಂದು ತುಣುಕು ರೊಟ್ಟಿ ಹಿಡಿದರೆ ಬಾಯಿ ತಾನೇ ತೆರೆಯುತ್ತದೆ. ಚೆಂಡು ಬೀಳುವ ಆ ಕ್ಷಣಕ್ಕೆ ‘ಕೊಡು’ ಎಂಬ ಮಾತು. ಮಾತು ಮೊದಲಲ್ಲ, ಕೆಲಸದೊಡನೆ. ಕ್ರಮೇಣ ಮಾತು ಮುಂದೆ ಬಂದು ಕೆಲಸ ಹಿಂದೆ ಬರುತ್ತದೆ. ಇಷ್ಟರ ಮೇಲೆ ಎಲ್ಲಕ್ಕಿಂತ ಮುಖ್ಯವಾದದ್ದು: ಕೊಟ್ಟ ಚೆಂಡನ್ನು ಕೂಡಲೇ ಅದಕ್ಕೇ ಮತ್ತೆ ಎಸೆಯಬೇಕು. ಹತ್ತು ಸಲ ಕೊಟ್ಟರೆ ಒಂಬತ್ತು ಸಲ ಮರಳಿ ಅದಕ್ಕೇ ಸಿಗಬೇಕು. ಒಂದೇ ಬಗೆಯ ಎರಡು ಚೆಂಡು ಇಟ್ಟುಕೊಂಡರೆ ಇನ್ನೂ ಸುಲಭ; ಒಂದನ್ನು ಬಿಟ್ಟೊಡನೆ ಇನ್ನೊಂದು ಹಾರುತ್ತದೆ.

ಉದ್ರೇಕ ಹೆಚ್ಚಾದ ನಾಯಿಗೆ ಇನ್ನೊಂದು ಮಾತು ಅವಶ್ಯ. ಎಸೆಯುವ ಮೊದಲು ಅದು ಕುಳಿತು, ಉಸಿರು ಇಳಿಯುವವರೆಗೆ ಕಾಯಬೇಕು. ಕುದಿಯುವ ನೀರಿನಲ್ಲಿ ಮುಖ ಕಾಣುವುದಿಲ್ಲ. ಉದ್ರೇಕದ ನೆತ್ತಿಯಲ್ಲಿರುವ ಪ್ರಾಣಿಗೆ ಕಲಿಯುವ ಶಕ್ತಿಯೇ ಇರುವುದಿಲ್ಲ. ಐದಾರು ಎಸೆತಕ್ಕೆ ಆಟ ನಿಲ್ಲಿಸಬೇಕು, ಅದು ಇನ್ನೂ ಬೇಕೆನ್ನುವಾಗಲೇ. ಮೊದಮೊದಲು ಹಗುರವಾದ ಉದ್ದನೆಯ ಹಗ್ಗವೊಂದನ್ನು ಕಟ್ಟಿದ್ದೆವು. ಎಳೆಯುವುದಕ್ಕಲ್ಲ, ಬಣವೆಯ ದಾರಿ ಹಿಡಿಯದಂತೆ ತಡೆಯುವುದಕ್ಕೆ. ಕಲ್ಲನ್ನು ಎಸೆಯಕೂಡದು, ಹಲ್ಲು ಮುರಿಯುತ್ತವೆ. ಗಂಟಲಿಗಿಳಿಯುವಷ್ಟು ಸಣ್ಣ ಚೆಂಡೂ ಬೇಡ. ನಮ್ಮ ಸೀಮೆಯ ಬೇಸಗೆಯಲ್ಲಿ ಸೂರ್ಯೋದಯಕ್ಕೆ ಮುಂಚೆಯೇ ಈ ಅಭ್ಯಾಸ ಮುಗಿಯಬೇಕು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರೊಂದೇ ಅದಕ್ಕೆ ತಂಪು. ಹುಡುಗರ ನಡುವೆ ಇರುವ ನಾಯಿಗೆ ವರ್ಷಂಪ್ರತಿ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸುವುದನ್ನು ಬೇರೆ ಹೇಳಬೇಕಾಗಿಲ್ಲ.

ಹುಡುಗರ ಕೈಗೆ ಮೂರು ವಾರದಲ್ಲಿ ಚೆಂಡು ಬರತೊಡಗಿತು. ನಮ್ಮ ಕೈಗೆ ಬರಲು ನಾಲ್ಕು ತಿಂಗಳು ಹಿಡಿಯಿತು. ಆ ಅಂತರದ ಬೆಲೆ ಒಂದು ಏಟು.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟುತ್ತದೆ. ನಮ್ಮ ಮಠದ ಹಳೆಯ ವಿದ್ಯಾರ್ಥಿಯಾದ ನಿವೃತ್ತ ಪ್ರಾಧ್ಯಾಪಕರೊಬ್ಬರು ಈ ಕ್ರಮವನ್ನು ನೋಡಿ, ‘ಇದು ರೊಟ್ಟಿ ಕೊಟ್ಟು ಚೆಂಡು ಕೊಳ್ಳುವ ವ್ಯಾಪಾರವಾಯಿತಲ್ಲದೆ ನಾಯಿ ಕೊಡುವುದನ್ನು ಎಲ್ಲಿ ಕಲಿಯಿತು, ಬುದ್ಧಿ?’ ಎಂದು ಕೇಳಿದರು. ರಷ್ಯಾದ ಪಾವ್ಲೋವನ ಹೆಸರನ್ನೂ ಎತ್ತಿದರು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಆ ವಿಜ್ಞಾನಿ, ಆಹಾರದೊಡನೆ ಸೇರಿಬಂದ ಸಂಕೇತ ಒಂದರಿಂದಲೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುವುದನ್ನು ತೋರಿಸಿದನಷ್ಟೆ. ಹಾಗೆಯೇ ಇಲ್ಲಿಯೂ ರೊಟ್ಟಿಯ ಆಶೆಯೊಂದೇ ಇದೆ, ದಾನವಿಲ್ಲ, ಅರ್ಪಣವಂತೂ ಇಲ್ಲವೇ ಇಲ್ಲ ಎಂಬುದು ಅವರ ವಾದ.

ವಾದ ಬಲವಾಗಿಯೇ ಇದೆ. ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮೋಸ್ 1925ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ಪ್ರಾಚೀನ ಸಮಾಜಗಳಲ್ಲಿ ಕೊಡುಗೆ ಎಂಬುದು ಕೊಡುವ, ಕೊಳ್ಳುವ, ಮರಳಿ ಕೊಡುವ ಮೂರು ಕಟ್ಟುಪಾಡುಗಳಿಂದ ಕೂಡಿದ್ದೆಂದು ತೋರಿಸಿದ್ದಾನೆ. ಪ್ರತಿಫಲವಿಲ್ಲದ ಶುದ್ಧ ದಾನವನ್ನು ಹುಡುಕಹೊರಟರೆ ಮನುಷ್ಯರಲ್ಲಿಯೂ ಅದು ಸುಲಭವಾಗಿ ದೊರೆಯದು. ಮಠಕ್ಕೆ ಚೀಲ ಜೋಳ ಕೊಟ್ಟು ರಸೀತಿಯಲ್ಲಿ ಅಜ್ಜನ ಹೆಸರು ತಪ್ಪಾಯಿತೆಂದು ಮೂರು ಸಲ ಬಂದುಹೋದ ಭಕ್ತರನ್ನು ನಾವು ಬಲ್ಲೆವು. ಅವರ ಮೇಲೆ ನಮಗೆ ಸಿಟ್ಟಿಲ್ಲ. ಅವರು ಕೊಟ್ಟ ಜೋಳವನ್ನು ಹುಡುಗರು ಉಂಡಿದ್ದಾರೆ.

ಆದರೆ ಪ್ರಾಧ್ಯಾಪಕರು ಒಂದನ್ನು ಗಮನಿಸಲಿಲ್ಲ. ರೊಟ್ಟಿ ಮೊದಲ ತಿಂಗಳಿನಲ್ಲಿ ಪ್ರತಿಸಲ ಇದ್ದಿತು, ಎರಡನೆಯ ತಿಂಗಳಿನಲ್ಲಿ ಆಗೊಮ್ಮೆ ಈಗೊಮ್ಮೆ, ಆಮೇಲೆ ಇಲ್ಲವಾಯಿತು. ಚಿಗರಿ ಕೊಡುವುದನ್ನು ನಿಲ್ಲಿಸಲಿಲ್ಲ. ವ್ಯಾಪಾರವೊಂದೇ ಆಗಿದ್ದರೆ ಬೆಲೆ ನಿಂತ ದಿನ ಸರಕೂ ನಿಲ್ಲಬೇಕಾಗಿದ್ದಿತು. ನಡುವೆ ಏನೋ ಬದಲಾಯಿತು. ಮನೆ ಕಟ್ಟುತ್ತ ಕಟ್ಟುತ್ತ ಮನುಷ್ಯ ಬಡಗಿಯಾಗುವಂತೆ, ನ್ಯಾಯದ ಕೆಲಸ ಮಾಡುತ್ತ ಮಾಡುತ್ತ ನ್ಯಾಯವಂತನಾಗುತ್ತಾನೆ ಎಂಬುದು ಗ್ರೀಕ್ ತತ್ತ್ವಜ್ಞ ಅರಿಸ್ಟಾಟಲನ ವಿಚಾರ. ಆತ ತೀರಿಕೊಂಡು ಶತಮಾನ ಕಳೆಯುವ ಮೊದಲೇ ಅಶೋಕ ಚಕ್ರವರ್ತಿ ನಮ್ಮ ಕೊಪ್ಪಳದ ಗವಿಮಠದ ಗುಡ್ಡದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಶಾಸನ ಬರೆಸಿದ. ಸ್ವರ್ಗ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರೂ ಪ್ರಯತ್ನದಿಂದ ಅದನ್ನು ಪಡೆಯಬಲ್ಲರೆಂಬುದು ಅದರ ಆಶಯ. ಆ ಬಂಡೆಯ ಕೆಳಗೆ ಎಷ್ಟೋ ಸಲ ಹಾದುಹೋದ ನಮಗೆ, ‘ಸಣ್ಣವರು’ ಎಂಬ ಮಾತಿನ ಅಗಲ ಎಷ್ಟೆಂದು ಕೇಳಿಕೊಳ್ಳುವ ಪ್ರಸಂಗ ಬಂದದ್ದು ಈ ನಾಯಿಯಿಂದ. ಚಿಗರಿಗೆ ಭಕ್ತಿಯುಂಟೆಂದು ನಾವು ಹೇಳುತ್ತಿಲ್ಲ. ಅಂಥ ಮಾತು ಕೇಳಲು ಇಂಪಾಗಿರುತ್ತದೆ, ನಿಜವಾಗಿರುವುದಿಲ್ಲ. ಹೆದರಿಕೆ ಹೋದಲ್ಲಿ ಬಾಯಿ ತೆರೆಯಿತು ಎಂದಷ್ಟೇ ಹೇಳುತ್ತೇವೆ.

ಈ ಹೆದರಿಕೆಯ ವಿಷಯವನ್ನು ಸ್ವಲ್ಪ ವಿಚಾರಿಸಬೇಕು. ವಿಜ್ಞಾನಿಗಳ ಪ್ರಕಾರ ನಾಯಿಯ ಮೂಲ ತೋಳ. 15,000 ವರ್ಷಗಳಿಗೂ ಹಿಂದೆಯೇ ಅದು ಮನುಷ್ಯನ ಬೆಂಕಿಯ ಬಳಿಗೆ ಬಂದಿತೆನ್ನುತ್ತಾರೆ. ಗಂಗಾವತಿ ಸೀಮೆಯ ಬಂಕಾಪುರದಲ್ಲಿ ಈಗ ಸರಕಾರ ತೋಳಗಳಿಗೆಂದೇ ಒಂದು ಧಾಮ ಮಾಡಿದೆ. ಕುರುಬರ ನಾಯಿಗಳು ಯಾರ ವಿರುದ್ಧ ರಾತ್ರಿಯೆಲ್ಲ ಕಾಯುತ್ತವೆಯೋ ಅವು ಅವುಗಳ ದಾಯಾದಿಗಳೇ. ತೋಳವೂ ತರುತ್ತದೆ. ಬೇಟೆಯ ಮಾಂಸವನ್ನು ಬಾಯಲ್ಲಿಯೂ ಹೊಟ್ಟೆಯಲ್ಲಿಯೂ ಹೊತ್ತುತಂದು ಗವಿಯಲ್ಲಿನ ಮರಿಗಳಿಗೆ ಕೊಡುತ್ತದೆ. ಮರಿಗಳಿಗೆ ಕೊಡುವ ಅದೇ ತೋಳ ಇನ್ನೊಂದು ತೋಳ ಹತ್ತಿರ ಬಂದರೆ ಹಲ್ಲು ಕಿರಿಯುತ್ತದೆ. ಅಂದಮೇಲೆ ಕೊಡುವ ಶಕ್ತಿ ಪ್ರಾಣಿಯಲ್ಲಿ ಇಲ್ಲದೆ ಇಲ್ಲ. ಯಾರು ಹತ್ತಿರ ಬಂದರು, ಏತಕ್ಕೆ ಬಂದರು ಎಂಬುದರ ಮೇಲೆ ಬಾಯಿ ತೆರೆಯುವುದು, ಬಿಗಿಯುವುದು ಎರಡೂ ನಿಂತಿವೆ.

ಈ ಕಾರಣದಿಂದ, ಕೊಡುವವನ ಗುಣವನ್ನು ಕುರಿತು ನಾವು ಆಡುವ ಉಪದೇಶಗಳಲ್ಲಿ ಒಂದು ಕೊರತೆಯಿದೆಯೆಂದು ನಮಗೆ ತೋರುತ್ತದೆ. ‘ಕೊಡು, ತ್ಯಾಗ ಮಾಡು, ನನ್ನದೆಂಬುದನ್ನು ಬಿಡು’ ಎಂದು ವ್ಯಾಸಪೀಠದಿಂದ ಎಷ್ಟು ಹೇಳುತ್ತೇವೆ! ಇಸಿದುಕೊಳ್ಳುವ ಕೈ ಹೇಗಿರಬೇಕೆಂದು ಎಷ್ಟು ಹೇಳುತ್ತೇವೆ? ಶರಣರು ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಕೊಟ್ಟ ಅರ್ಪಣ ಪ್ರಸಾದಗಳ ಕ್ರಮವನ್ನು ಈ ಬೆಳಕಿನಲ್ಲಿ ನೋಡಿರಿ. ಭಕ್ತನು ಪದಾರ್ಥವನ್ನು ಲಿಂಗಕ್ಕೆ ಅರ್ಪಿಸುತ್ತಾನೆ. ಅನರ್ಪಿತವನ್ನು ಮುಟ್ಟುವುದಿಲ್ಲ. ಅರ್ಪಿಸಿದ್ದು ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ; ಪ್ರಸಾದವಾಗಿ ಅವನ ಅಂಗೈಗೇ ಬಂದಿತು. ಅದೇ ರೊಟ್ಟಿ, ಅದೇ ಪಲ್ಯ. ಆದರೆ ಈಗ ಅದು ‘ನನ್ನದು’ ಅಲ್ಲ, ಕಳೆದುಹೋದೀತೆಂಬ ಭಯವೂ ಅದಕ್ಕಿಲ್ಲ. ಷಟ್‌ಸ್ಥಲದಲ್ಲಿ ಪ್ರಸಾದಿ ಸ್ಥಲ ಭಕ್ತ ಮಹೇಶರ ಅನಂತರ ಮೂರನೆಯದಾಗಿ ಬರುತ್ತದೆ. ಬಿಡುವುದನ್ನು ಕಲಿತವನಿಗೆ ಪಡೆಯುವುದನ್ನು ಹೊಸದಾಗಿ ಕಲಿಸುವ ಸ್ಥಲವೆಂದು ಅದನ್ನು ತಿಳಿಯಬಹುದೇನೋ. ನಮ್ಮ ವಿದ್ವಾಂಸರು ಒಪ್ಪದಿದ್ದರೆ ತಿದ್ದಲಿ.

ಲಿಂಗವು ಕಸಿದುಕೊಳ್ಳುವುದಿಲ್ಲ. ಇದನ್ನು ನಾವು ಮೂವತ್ತು ವರ್ಷ ಪೂಜೆ ಮಾಡಿಯೂ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ.

ಪುಷ್ಯಮಾಸದಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ತಾಯಂದಿರು ರೊಟ್ಟಿ ಬಡಿದು, ಅವನ್ನು ಚಕ್ಕಡಿ ಟ್ರ್ಯಾಕ್ಟರುಗಳಲ್ಲಿ ಹೇರಿ, ಮೆರವಣಿಗೆಯಲ್ಲಿ ಕಳಿಸುವುದನ್ನು ನೀವು ಕಂಡಿದ್ದೀರಿ. ರೊಟ್ಟಿ ಕೊಟ್ಟ ಆ ತಾಯಿಯೇ ಮರುದಿನ ಜಾತ್ರೆಗೆ ಬಂದು ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾಳೆ. ಎಲೆಗೆ ಬಂದದ್ದು ತನ್ನ ರೊಟ್ಟಿಯೋ ಯಲಬುರ್ಗಾದವಳ ರೊಟ್ಟಿಯೋ ಅವಳಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಬರಗಾಲ ಕಂಡ ಸೀಮೆ ನಮ್ಮದು. ಗಂಟು ಬಿಗಿಹಿಡಿಯುವ ಕಾರಣ ಈ ಜನಕ್ಕೆ ಬೇಕಾದಷ್ಟಿದೆ. ಆದರೂ ಕೊಡುತ್ತಾರೆ. ಏಕೆಂದರೆ ಅಲ್ಲಿ ಕೊಟ್ಟದ್ದು ಹೊಳ್ಳಿ ಎಲೆಗೆ ಬರುವುದನ್ನು ಅವರು ಚಿಕ್ಕಂದಿನಿಂದ ಕಣ್ಣಾರೆ ಕಂಡಿದ್ದಾರೆ.

ಇನ್ನು ಮರಳಿಸುವುದನ್ನು ಕಲಿಸಿದ ಒಬ್ಬ ತಾಯಿಯ ನೆನಪು. ನಮ್ಮ ನೆರೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದವರಾದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ. ಹೆಚ್ಚಾದದ್ದನ್ನು ಮೊದಲಿದ್ದಲ್ಲಿಗೇ ಹಾಕಿ ಬರುವಂತೆ ಹೇಳಿದಳು. ಈ ಕಥೆಯನ್ನು ನಾವು ಲಕ್ಕಮ್ಮನ ನಿರಾಶೆಯ ಹಿರಿಮೆಗಾಗಿ ಹೇಳುತ್ತ ಬಂದಿದ್ದೇವೆ. ಈಗ ಇನ್ನೊಂದು ಅಂಶ ಕಾಣುತ್ತಿದೆ. ಮಾರಯ್ಯ ಮರಳಿಸಿ ಬರಿಗೈಯಲ್ಲಿ ಮನೆಗೆ ಬಂದ. ಬರಲು ಅವನಿಗೆ ಅಂಜಿಕೆಯಾಗಲಿಲ್ಲ. ಅವಳು ನಾಲ್ಕು ಶರಣರನ್ನು ಕರೆದು ಅವನನ್ನು ಅವರ ಮುಂದೆ ನಿಲ್ಲಿಸಲಿಲ್ಲ. ಮರಳಿಸಿದವನಿಗೆ ಮರಳಿ ಬರಲು ಬಾಗಿಲು ತೆರೆದಿಟ್ಟಿದ್ದಳು.

ನಾವು ಹಾಗೆ ಮಾಡಲಿಲ್ಲ. ಇದು ನಾಯಿಯ ಮಾತಲ್ಲ. ಹದಿನೆಂಟು ವರ್ಷಗಳ ಹಿಂದೆ ನಮ್ಮ ಪ್ರಸಾದ ನಿಲಯದಲ್ಲಿ ಒಬ್ಬ ಹುಡುಗನಿದ್ದ. ಇಟಗಿಯ ಮಹಾದೇವ ಗುಡಿಗೆ, ಅಲ್ಲಿಂದ ಹಂಪಿಗೆ ಪ್ರವಾಸ ಹೋಗಬೇಕೆಂದು ಹುಡುಗರು ಕೂಡಿಸಿದ್ದ ಹಣದಲ್ಲಿ 400 ರೂಪಾಯಿ ಕಾಣೆಯಾಯಿತು. ಮೂರನೆಯ ದಿನ ಆ ಹುಡುಗ ತಾನಾಗಿಯೇ ನಮ್ಮ ಕೋಣೆಗೆ ಬಂದು, ಕರವಸ್ತ್ರದಲ್ಲಿ ಕಟ್ಟಿದ್ದ 340 ರೂಪಾಯಿಯನ್ನು ಮುಂದಿಟ್ಟು ನಿಂತ. ಊರಿನಲ್ಲಿ ತಂಗಿಗೆ ಜ್ವರವೆಂದೇನೋ ಹೇಳಿದ. ನಾವು ಪೂರ್ತಿ ಕೇಳಲಿಲ್ಲ. ಸಂಜೆಯ ಪ್ರಾರ್ಥನೆಯಾದ ಮೇಲೆ ಎಲ್ಲ ಹುಡುಗರ ಮುಂದೆ ಅವನನ್ನು ನಿಲ್ಲಿಸಿ, ಆ ಕರವಸ್ತ್ರವನ್ನು ಅವನ ಕೈಯಲ್ಲಿಯೇ ಹಿಡಿಸಿ, ಕಳ್ಳತನವನ್ನು ಕುರಿತು ಉಪದೇಶ ಮಾಡಿದೆವು. ಒಳ್ಳೆಯ ಉಪದೇಶವೆಂದು ಆಗ ನಮಗೆ ಅನಿಸಿದ್ದಿತು. ಬೆಳಗಿನ ಜಾವಕ್ಕೆ ಅವನ ಟ್ರಂಕು ಇರಲಿಲ್ಲ.

ತೆಗೆದುಕೊಂಡ ದಿನ ಅವನಿಗೆ ಏನೂ ಆಗಲಿಲ್ಲ. ತಂದುಕೊಟ್ಟ ದಿನ ಆದದ್ದು ಅದು. ಉಳಿದ ನಲವತ್ತು ಹುಡುಗರು ಅಂದು ಕಲಿತದ್ದು ಕದಿಯಬಾರದೆಂಬುದನ್ನಲ್ಲ, ಕದ್ದದ್ದನ್ನು ತಂದುಕೊಡಬಾರದೆಂಬುದನ್ನು. ಆ ಮೇಲಿನ ವರ್ಷಗಳಲ್ಲಿ ನಿಲಯದಲ್ಲಿ ಸಣ್ಣಪುಟ್ಟ ವಸ್ತುಗಳು ಹೋದದ್ದುಂಟು. ಯಾರೂ, ಎಂದೂ, ಮರಳಿ ತಂದು ನಮ್ಮ ಮುಂದೆ ಇಡಲಿಲ್ಲ. ಹುಡುಗರ ಕಾಲ ಕೆಟ್ಟಿತೆಂದು ನಾವು ಹಲವು ಸಲ ಇದೇ ಪತ್ರಿಕೆಯಲ್ಲಿ ಬರೆದಿದ್ದೇವೆ.

ಪ್ರಾಣಿಗಳಿಗೆ ಕ್ರೂರನಾದವನು ಮನುಷ್ಯರಿಗೂ ಕ್ರೂರನಾಗುತ್ತಾನೆ, ಆದುದರಿಂದ ಪ್ರಾಣಿಗಳ ವಿಷಯದಲ್ಲಿ ಮೃದುವಾಗಿರಬೇಕು ಎಂದು ಜರ್ಮನಿಯ ಇಮ್ಯಾನುಯೆಲ್ ಕಾಂಟ್ ತನ್ನ ನೀತಿಶಾಸ್ತ್ರದ ಉಪನ್ಯಾಸಗಳಲ್ಲಿ ಹೇಳಿದ. ಅವನ ಮತದಲ್ಲಿ ನಾಯಿಗೆ ನಾವು ನೇರವಾಗಿ ಸಲ್ಲಿಸಬೇಕಾದ ಋಣವೇನೂ ಇಲ್ಲ, ಇರುವುದು ಮನುಷ್ಯರಿಗೆ. ದಯೆಯನ್ನು ಧರ್ಮದ ಬೇರೆಂದು ನಂಬಿದ ನಮಗೆ ಈ ಮಾತು ಅರ್ಧವೆಂದು ತೋರುತ್ತದೆ: ಏಟು ಬಿದ್ದದ್ದು ಚಿಗರಿಯ ಬೆನ್ನಿಗೆ, ನೊಂದದ್ದು ಅದು. ಕ್ರಮದಲ್ಲಿಯೂ ನಮ್ಮ ಅನುಭವ ತಿರುಗುಮುರುಗಾಗಿದೆ. ಮನುಷ್ಯನಿಗೆ ಮೊದಲು ಮಾಡಿದ್ದೆವು, ನಾಯಿಗೆ ಆಮೇಲೆ. ಹುಡುಗನ ಕಣ್ಣಿನಲ್ಲಿ ಕಾಣದಿದ್ದದ್ದು ನಾಯಿ ಬಣವೆಯ ಹಿಂದೆ ಕುಳಿತದ್ದರಲ್ಲಿ ಕಂಡಿತು. ನಾಯಿ ನಿತ್ಯವೂ ಕಣ್ಣೆದುರಿಗೇ ಇದ್ದಿತು, ಅದಕ್ಕಾಗಿ. ಹುಡುಗ ಹೊರಟುಹೋಗಿದ್ದ.

ಅವನು ಈಗ ಗಂಗಾವತಿ ಕಡೆ ಅಕ್ಕಿಯ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆಂದು ಯಾರೋ ಹೇಳಿದರು. ಮಠದ ಹಳೆಯ ವಿದ್ಯಾರ್ಥಿಗಳ ಮನೆಗಳಿಗೆ ಈ ಪತ್ರಿಕೆ ಹೋಗುವುದರಿಂದ ಯಾವುದಾದರೂ ಕೈಯಿಂದ ಅವನನ್ನು ಮುಟ್ಟೀತು. ಆ ವರ್ಷದ ಜಮಾಖರ್ಚಿನ ಪುಸ್ತಕವನ್ನು ನಾವು ಮೊನ್ನೆ ತೆಗೆಸಿ ನೋಡಿದೆವು. ‘ಕಳೆದ ಹಣ ಪತ್ತೆ’ ಎಂದು ಬರೆದಿದ್ದ ಸಾಲನ್ನು ಹೊಡೆದು, ‘ವಿದ್ಯಾರ್ಥಿಯು ತಾನಾಗಿ ತಂದು ಒಪ್ಪಿಸಿದ್ದು, ರೂಪಾಯಿ 340’ ಎಂದು ನಮ್ಮ ಕೈಯಿಂದಲೇ ಬರೆದಿದ್ದೇವೆ. ಉಳಿದ ಅರವತ್ತು ರೂಪಾಯಿಯ ಬಾಬ್ತು ಮುಗಿದಿದೆ. ಅದನ್ನು ಹಿಡಿದುಕೊಂಡು ಬರುವುದು ಬೇಡ. ಬರಿಗೈಯಲ್ಲಿ ಬರಲಿ, ಮಧ್ಯಾಹ್ನದ ಪ್ರಸಾದದ ಹೊತ್ತಿಗೆ ಬಂದರೆ ಇನ್ನೂ ಒಳ್ಳೆಯದು. ಚಪ್ಪಲಿಗಳನ್ನು ಮಾತ್ರ ಬಾಗಿಲಿನ ಒಳಗೆ, ಮಾಡದ ಮೇಲೆ ಇಡಲಿ. ಚಿಗರಿ ಈಗ ಒಯ್ದದ್ದನ್ನು ಕರೆದೊಡನೆ ತಂದುಕೊಡುತ್ತದೆ, ನಿಜ. ಆದರೆ ಜೋಡಿಯಲ್ಲಿ ಒಂದನ್ನು ತಂದು, ಇನ್ನೊಂದನ್ನು ಎಲ್ಲಿಟ್ಟೆನೆಂಬುದನ್ನು ಮರೆಯುವ ಅಭ್ಯಾಸ ಅದಕ್ಕೆ ಇನ್ನೂ ಇದೆ.